ಪಹಣಿಯ 2.20 ಅಂದರೆ ಎರಡೂವರೆ: ಅಳತೆ, ಮಾನ, ಲೆಕ್ಕ

ಕಳೆದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದಾಗ ಅಪ್ಪ ಎರಡು ಪಹಣಿ ತಂದು ಜಗಲಿ ಮೇಲೆ ಹರಡಿದರು. ಒಂದರಲ್ಲಿ ವಿಸ್ತೀರ್ಣ 1.30, ಇನ್ನೊಂದರಲ್ಲಿ 2.25. "ಎರಡೂ ಸೇರಿ ಎಷ್ಟಾಯ್ತು ನೋಡೋ" ಅಂತ ಅಕ್ಕನ ಮಗನಿಗೆ ಹೇಳಿದರು. ಅವನು ಮೊದಲ ಪಿಯುಸಿ, ಸೈನ್ಸು. ಮೊಬೈಲ್ ತೆಗೆದು ಟಕಟಕ ಒತ್ತಿದ. "3.55 ತಾತ. ಮೂರೂವರೆ ಎಕರೆಗಿಂತ ಒಂಚೂರು ಜಾಸ್ತಿ."

ಅಪ್ಪ ನಕ್ಕರು. "ನಾಲ್ಕು ಎಕರೆ ಹದಿನೈದು ಗುಂಟೆ ಕಣೋ. ಕೂತಲ್ಲೇ ಮೂವತ್ತಮೂರು ಗುಂಟೆ ನುಂಗಿಬಿಟ್ಟೆಯಲ್ಲ!"

ಕ್ಯಾಲ್ಕುಲೇಟರ್ ತಪ್ಪು ಮಾಡಿರಲಿಲ್ಲ. ಪಹಣಿಯಲ್ಲಿರುವ ಚುಕ್ಕಿ ದಶಮಾಂಶದ ಚುಕ್ಕಿಯಲ್ಲ ಅಷ್ಟೇ. ಅದರ ಎಡಕ್ಕಿರುವುದು ಎಕರೆ, ಬಲಕ್ಕಿರುವುದು ಗುಂಟೆ. ಎಕರೆಗೆ 40 ಗುಂಟೆ. ಹಾಗಾಗಿ 30 ಗುಂಟೆಗೆ 25 ಗುಂಟೆ ಕೂಡಿದರೆ 55. ಅದರಲ್ಲಿ 40 ಗುಂಟೆ ಒಂದು ಎಕರೆಯಾಗಿ ಆಚೆ ಹೋಗುತ್ತದೆ, 15 ಉಳಿಯುತ್ತದೆ. ಪಹಣಿಯಲ್ಲಿ 2.20 ಅಂತಿದ್ದರೆ ಅದು ಎರಡೂವರೆ ಎಕರೆ. ಗುಂಟೆಯನ್ನೂ ಒಡೆದರೆ 16 ಆಣೆ. ನಮ್ಮ ಹಳ್ಳಿಯಲ್ಲಿ ಓದು ಬರಹ ಅಷ್ಟಾಗಿ ಬಾರದವರೂ ಈ ಲೆಕ್ಕವನ್ನು ಬಾಯಲ್ಲೇ ಮಾಡುತ್ತಾರೆ. ಏಕೆಂದರೆ ಅವರು 30 ಅಂತ ಯೋಚಿಸುವುದೇ ಇಲ್ಲ. "ಮೂವತ್ತು ಗುಂಟೆ" ಅಂತ ಯೋಚಿಸುತ್ತಾರೆ. ಹುಡುಗ ಗುಂಟೆಯನ್ನು ಕೈಬಿಟ್ಟು ಬರೀ ಅಂಕಿಯನ್ನು ಹಿಡಿದುಕೊಂಡ.

ಪಿಯುಸಿ ಭೌತಶಾಸ್ತ್ರದ ಮೊದಲ ಪಾಠ ಇದೇ. ಅಳೆಯಲು ಸಾಧ್ಯವಾಗುವ ಯಾವುದನ್ನಾದರೂ ಪುಸ್ತಕದಲ್ಲಿ ಭೌತ ಪರಿಮಾಣ ಅನ್ನುತ್ತಾರೆ. ಉದ್ದ, ಕಾಲ, ವೇಗ, ಬಲ, ತಾಪ ಎಲ್ಲವೂ ಅದರಲ್ಲಿ ಬರುತ್ತವೆ. ಪ್ರತಿ ಪರಿಮಾಣದಲ್ಲೂ ಎರಡು ಭಾಗ: ಒಂದು ಸಂಖ್ಯೆ, ಒಂದು ಮಾನ. ಮಾನ ಅಂದರೆ ಯೂನಿಟ್. ಇವೆರಡರ ನಡುವೆ ಇರುವುದು ಗುಣಾಕಾರ. "5 ಮೀಟರ್" ಅಂದರೆ ಐದು ಸಲ ಒಂದು ಮೀಟರ್. ಇದನ್ನು ಕೇಳಿದಾಗ ಸುಮ್ನೆ ತಲೆಯಾಡಿಸಿ ಮುಂದೆ ಹೋಗುತ್ತೇವೆ. ಆದರೆ ಮುಂದಿನ ಎಲ್ಲ ಲೆಕ್ಕದ ಬೀಗದ ಕೈ ಈ ಗುಣಾಕಾರದಲ್ಲೇ ಇದೆ. ಅದಕ್ಕೆ ಆಮೇಲೆ ಬರೋಣ.

ಮೊದಲು ಮಾನ ಎಲ್ಲಿಂದ ಬಂತು ಅಂತ ನೋಡೋಣ. ಸಂಜೆ ಹೊತ್ತು ಹೂವಿನ ಅಂಗಡಿ ಮುಂದೆ ನಿಂತು ನೋಡಿ. ಹೂವಮ್ಮ ಮಲ್ಲಿಗೆ ದಂಡೆಯನ್ನು ಮೊಣಕೈಯಿಂದ ಬೆರಳ ತುದಿಯವರೆಗೆ ಹಿಡಿದು "ಒಂದು ಮೊಳ" ಅನ್ನುತ್ತಾರೆ. ಆ ಮೊಳ ಅವರ ಕೈಯಷ್ಟು. ಪಕ್ಕದಲ್ಲಿ ಕೂತ ಎತ್ತರದ ಅಜ್ಜಿಯ ಮೊಳ ಇದಕ್ಕಿಂತ ಎರಡು ಬೆರಳು ಜಾಸ್ತಿ. ನನ್ನ ಹೆಂಡತಿ ಯಾವಾಗಲೂ ಆ ಅಜ್ಜಿಯ ಹತ್ತಿರವೇ ಹೋಗುವುದು. ಹೂವಿಗೆ ಇದು ನಡೆಯುತ್ತದೆ. ಒಬ್ಬ ಬಡಗಿ ಚೌಕಟ್ಟು ಮಾಡಿ, ಇನ್ನೊಬ್ಬ ಬಾಗಿಲು ಮಾಡುವುದಾದರೆ ನಡೆಯುವುದಿಲ್ಲ. ಇಬ್ಬರೂ ಒಪ್ಪಿದ, ಇಬ್ಬರ ಕೈಯನ್ನೂ ಅವಲಂಬಿಸದ ಒಂದು ಅಳತೆ ಬೇಕು.

ಆ ಒಪ್ಪಂದ ಸುಲಭವಾಗಿ ಆಗಲಿಲ್ಲ. ನಮ್ಮಲ್ಲೂ ಸೇರು ಊರಿಂದ ಊರಿಗೆ ಬದಲಾಗುತ್ತಿತ್ತು. ಒಂದು ಕಡೆ ಸೇರು ಅಂದರೆ ತೂಕ, ಇನ್ನೊಂದು ಕಡೆ ಕಾಳು ಅಳೆಯುವ ಪಾತ್ರೆ. ಭಾರತದಲ್ಲಿ ಮೆಟ್ರಿಕ್ ಅಳತೆಗೆ ಕಾನೂನು ಬಂದದ್ದು 1956ರಲ್ಲಿ. ಮರುವರ್ಷ ರೂಪಾಯಿಗೂ 16 ಆಣೆ ಹೋಗಿ 100 ಪೈಸೆ ಬಂತು. ಗುಂಟೆಯ ಆಣೆ ಮಾತ್ರ ಪಹಣಿಯಲ್ಲಿ ಇವತ್ತಿಗೂ ಹಾಯಾಗಿದೆ.

ಮೀಟರ್ ಹುಟ್ಟಿದ್ದು ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ. ಉತ್ತರ ಧ್ರುವದಿಂದ ಸಮಭಾಜಕದವರೆಗಿನ ದೂರದ ಕೋಟಿಯಲ್ಲಿ ಒಂದು ಭಾಗ ಅಂತ ಅವರು ಗೊತ್ತು ಮಾಡಿದರು. ಯಾವ ರಾಜನ ಕೈಯೂ ಅಲ್ಲ, ಎಲ್ಲರ ಭೂಮಿ ಅನ್ನುವ ಯೋಚನೆ. ಈಗ ಭೂಮಿಯನ್ನೂ ಬಿಟ್ಟಾಗಿದೆ. 1983ರಿಂದ ಮೀಟರ್ ಅಂದರೆ ಬೆಳಕು ನಿರ್ವಾತದಲ್ಲಿ ಒಂದು ಸೆಕೆಂಡಿನ 29,97,92,458ನೇ ಒಂದು ಭಾಗದಲ್ಲಿ ಸಾಗುವ ದೂರ. ಕಿಲೋಗ್ರಾಂ ಮಾತ್ರ ತುಂಬ ದಿನ ಹಠ ಹಿಡಿಯಿತು. 1889ರಿಂದ 2019ರವರೆಗೆ ಪ್ಯಾರಿಸ್ ಹತ್ತಿರದ ಸೆವ್ರ್‌ನಲ್ಲಿ ಗಂಟೆಯಾಕಾರದ ಗಾಜಿನ ಮುಚ್ಚಳಗಳ ಒಳಗೆ ಕೂತಿದ್ದ ಪ್ಲಾಟಿನಂ-ಇರಿಡಿಯಂ ಲೋಹದ ಗಟ್ಟಿಯೇ ಇಡೀ ಜಗತ್ತಿನ ಒಂದು ಕೆ.ಜಿ. ಹೆಬ್ಬೆರಳಿಗಿಂತ ಕೊಂಚ ದೊಡ್ಡ ಸಿಲಿಂಡರ್. ಅದರ ಮೇಲೆ ಧೂಳು ಕೂತರೆ ಜಗತ್ತೇ ಒಂಚೂರು ಹಗುರ! 2019ರ ಮೇ 20ರಿಂದ ಅದಕ್ಕೆ ನಿವೃತ್ತಿ. ಈಗ ಕಿಲೋಗ್ರಾಂ ನಿಂತಿರುವುದು ಪ್ಲಾಂಕ್ ಸ್ಥಿರಾಂಕ ಎಂಬ, ಪ್ರಕೃತಿಯಲ್ಲಿ ಎಲ್ಲೂ ಬದಲಾಗದ ಒಂದು ಪರಿಮಾಣದ ಮೇಲೆ.

ಇಂಥ ಮೂಲ ಮಾನಗಳು ಒಟ್ಟು ಏಳು. ಮೀಟರ್, ಕಿಲೋಗ್ರಾಂ, ಸೆಕೆಂಡ್ ಗೊತ್ತಲ್ಲ. ವಿದ್ಯುತ್ ಪ್ರವಾಹಕ್ಕೆ ಆಂಪಿಯರ್, ತಾಪಕ್ಕೆ ಕೆಲ್ವಿನ್. ಉಳಿದ ಎರಡು, ವಸ್ತುವಿನ ಕಣಗಳ ಎಣಿಕೆಗೆ ಮೋಲ್, ಬೆಳಕಿನ ತೀವ್ರತೆಗೆ ಕ್ಯಾಂಡೆಲಾ. ಮೋಲನ್ನು ರಸಾಯನಶಾಸ್ತ್ರದವರು ನೋಡಿಕೊಳ್ಳುತ್ತಾರೆ. ಕ್ಯಾಂಡೆಲಾ ಪರೀಕ್ಷೆಯ ಒಂದು ಅಂಕದ ಪ್ರಶ್ನೆಯ ಆಚೆ ನನಗಂತೂ ಹೆಚ್ಚು ಸಿಕ್ಕಿಲ್ಲ.

ಉಳಿದ ಎಲ್ಲವೂ ಇವುಗಳನ್ನು ಗುಣಿಸಿ, ಭಾಗಿಸಿ ಹುಟ್ಟಿದವು. ಅದು ಎಷ್ಟು ಉಪಯೋಗ ಅಂತ ನೋಡಲು ನಮ್ಮದೇ ಪತ್ರಿಕೆ ಸಾಕು. ಮಳೆಗಾಲ ಶುರುವಾದರೆ ಕೆಆರ್‌ಎಸ್ ಸುದ್ದಿ ದಿನಾ ಬರುತ್ತದೆ. ಗರಿಷ್ಠ ಮಟ್ಟ 124.80 ಅಡಿ. ಸಂಗ್ರಹ ಸಾಮರ್ಥ್ಯ 49.45 ಟಿಎಂಸಿ. ಒಳಹರಿವು ಇಷ್ಟು ಸಾವಿರ ಕ್ಯೂಸೆಕ್. ಅಡಿ, ಟಿಎಂಸಿ, ಕ್ಯೂಸೆಕ್: ಒಂದೇ ನೀರಿಗೆ ಮೂರು ಬಗೆಯ ಅಳತೆ. ಇವನ್ನು ಕಲಸುಮೇಲೋಗರ ಮಾಡದ ಟೀ ಅಂಗಡಿ ಚರ್ಚೆಯನ್ನು ನಾನು ಕೇಳಿಲ್ಲ.

ಬಿಡಿಸಿ ನೋಡೋಣ. ಅಡಿ ಅಂದರೆ ಎತ್ತರ, ಬರೀ ಉದ್ದದ ಅಳತೆ. ಟಿಎಂಸಿ ಅಂದರೆ ಸಾವಿರ ಮಿಲಿಯನ್ ಘನ ಅಡಿ, ನಮ್ಮ ಲೆಕ್ಕದಲ್ಲಿ 100 ಕೋಟಿ ಘನ ಅಡಿ. ಇದು ಗಾತ್ರ, ಉದ್ದವನ್ನು ಮೂರು ಸಲ ಗುಣಿಸಿದ್ದು. ಒಂದು ಘನ ಅಡಿಗೆ ಸುಮಾರು 28.3 ಲೀಟರ್ ಹಿಡಿಯುವುದರಿಂದ ಒಂದು ಟಿಎಂಸಿ ಅಂದರೆ ಸುಮಾರು 2,830 ಕೋಟಿ ಲೀಟರ್. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ. ಇದು ಹರಿವು, ಗಾತ್ರವನ್ನು ಕಾಲದಿಂದ ಭಾಗಿಸಿದ್ದು. ಕಾವೇರಿ ಗಲಾಟೆ ಹೊತ್ತಿನಲ್ಲಿ "ಹತ್ತು ಸಾವಿರ ಕ್ಯೂಸೆಕ್ ಬಿಟ್ಟರು" ಅಂತ ಸುದ್ದಿ ಬಂದರೆ ಮೊದಲು ಕೇಳಬೇಕಾದ್ದು "ಎಷ್ಟು ಹೊತ್ತು?" ಅಂತ. ನಲ್ಲಿ ಎಷ್ಟು ಜೋರಾಗಿ ತಿರುಗಿಸಿದ್ದಾರೆ ಅಂತ ಕ್ಯೂಸೆಕ್ ಹೇಳುತ್ತದೆ. ಬಕೆಟ್‌ನಲ್ಲಿ ಎಷ್ಟಿದೆ ಅಂತ ಟಿಎಂಸಿ ಹೇಳುತ್ತದೆ.

ಹೊತ್ತು ಗೊತ್ತಾದರೆ ಎರಡನ್ನೂ ಜೋಡಿಸಬಹುದು. ಒಂದು ದಿನಕ್ಕೆ 86,400 ಸೆಕೆಂಡ್. ಒಳಹರಿವು 30,000 ಕ್ಯೂಸೆಕ್, ಹೊರಹರಿವು 5,000 ಕ್ಯೂಸೆಕ್ ಅಂದುಕೊಳ್ಳಿ. ಅಣೆಕಟ್ಟೆಯಲ್ಲಿ ಉಳಿಯುವುದು ಸೆಕೆಂಡಿಗೆ 25,000 ಘನ ಅಡಿ. ಬರೆಯುವಾಗ ಮಾನವನ್ನು ಕೈಬಿಡದೆ ಬರೆಯಿರಿ:

25,000 ಘನ ಅಡಿ/ಸೆಕೆಂಡ್ × 86,400 ಸೆಕೆಂಡ್/ದಿನ = 216 ಕೋಟಿ ಘನ ಅಡಿ/ದಿನ

ಮೇಲಿನ ಸೆಕೆಂಡ್, ಕೆಳಗಿನ ಸೆಕೆಂಡ್ ಒಂದನ್ನೊಂದು ಹೊಡೆದುಹಾಕಿದವು, ಬೀಜಗಣಿತದಲ್ಲಿ ಮೇಲಿನ ಎಕ್ಸ್ ಕೆಳಗಿನ ಎಕ್ಸ್ ಹೊಡೆದುಹಾಕಿದ ಹಾಗೆ. ಉಳಿದದ್ದು ದಿನಕ್ಕೆ 2.16 ಟಿಎಂಸಿ. ಈಗ 38 ಟಿಎಂಸಿ ಇದ್ದರೆ ಇನ್ನು 11.45 ಬೇಕು. 11.45 ಟಿಎಂಸಿಯನ್ನು ದಿನಕ್ಕೆ 2.16 ಟಿಎಂಸಿಯಿಂದ ಭಾಗಿಸಿದರೆ ಟಿಎಂಸಿಯೂ ಹೋಗಿ "ದಿನ" ಮಾತ್ರ ಉಳಿಯುತ್ತದೆ: 5.3 ದಿನ. ಮಳೆ ಹೀಗೇ ಇದ್ದರೆ ಆರನೇ ದಿನ ಕಟ್ಟೆ ತುಂಬುತ್ತದೆ. ಯಾರಾದರೂ ತಪ್ಪಿ ಗುಣಿಸಿದ್ದರೆ ಉತ್ತರದ ಮುಂದೆ "ಟಿಎಂಸಿ ವರ್ಗ ಭಾಗಿಸು ದಿನ" ಅಂತ ಏನೋ ವಿಚಿತ್ರ ಬಂದು ಕೂರುತ್ತಿತ್ತು. ಅದನ್ನು ನೋಡಿದರೆ ಸಾಕು, ಎಡವಿದ್ದು ಗೊತ್ತಾಗುತ್ತದೆ. ಆಗಲೇ ಹೇಳಿದ ಗುಣಾಕಾರದ ಉಪಯೋಗ ಇದು. ಮಾನವನ್ನು ಅಕ್ಷರದ ಹಾಗೆ ಗುಣಿಸಬಹುದು, ಭಾಗಿಸಬಹುದು, ಹೊಡೆದುಹಾಕಬಹುದು. ಕೂಡುವುದು ಮಾತ್ರ ಒಂದೇ ಜಾತಿಯದನ್ನು. ಕ್ಯೂಸೆಕ್‌ಗೆ ಟಿಎಂಸಿ ಕೂಡಲು ಹೋದರೆ ಮೂರು ಗಂಟೆಗೆ ಎರಡು ಕೆ.ಜಿ. ಬೆಲ್ಲ ಕೂಡಿದ ಹಾಗೆ.

ಒಂದು ಸಂಖ್ಯೆ ನೆನಪಿಟ್ಟುಕೊಂಡರೆ ಪತ್ರಿಕೆ ಓದುವಾಗ ಕೈಗೆ ಬರುತ್ತದೆ. 11,574 ಕ್ಯೂಸೆಕ್ ಇಡೀ ಒಂದು ದಿನ ಹರಿದರೆ ಒಂದು ಟಿಎಂಸಿ.

ಕ್ಯೂಸೆಕ್-ಟಿಎಂಸಿ ಗೊಂದಲದ ತಮ್ಮ ಮನೆಯೊಳಗೇ ಇದ್ದಾನೆ. ಕಿಲೋವ್ಯಾಟ್ ಅಂದರೆ ಕರೆಂಟ್ ಎಷ್ಟು ಜೋರಾಗಿ ಖರ್ಚಾಗುತ್ತಿದೆ ಅನ್ನುವುದು. ಬಿಲ್‌ನಲ್ಲಿ ಬರುವ ಯೂನಿಟ್ ಅಂದರೆ ಒಟ್ಟು ಎಷ್ಟು ಖರ್ಚಾಯಿತು ಅನ್ನುವುದು. ಆ ಯೂನಿಟ್‌ನ ಪೂರ್ತಿ ಹೆಸರು ಕಿಲೋವ್ಯಾಟ್-ಗಂಟೆ, ಕಿಲೋವ್ಯಾಟನ್ನು ಗಂಟೆಯಿಂದ ಗುಣಿಸಿದ್ದು. 2 ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. 9 ವ್ಯಾಟ್ ಎಲ್ಇಡಿ ಬಲ್ಬು ಅದೇ ಒಂದು ಯೂನಿಟ್ ತಿನ್ನಲು 111 ಗಂಟೆ ಬೇಕು. "ರೂಮಿನ ಲೈಟ್ ಆರಿಸೋ" ಅಂತ ಮಕ್ಕಳಿಗೆ ಬೈಯುವವರು ಒಮ್ಮೆ ಗೀಸರ್ ಕಡೆಯೂ ನೋಡಬಹುದು. ಭೌತಶಾಸ್ತ್ರದ ಪುಸ್ತಕದಲ್ಲಿ ಶಕ್ತಿಗೆ ಜೂಲ್ ಅಂತ ಮಾನ ಇದೆಯಲ್ಲ, ಒಂದು ಯೂನಿಟ್ ಅಂದರೆ 36 ಲಕ್ಷ ಜೂಲ್. ಬಿಲ್ ಜೂಲ್‌ನಲ್ಲಿ ಬಂದರೆ ಎದೆ ಒಡೆದುಹೋದೀತು. ತೋಟದ ಪಂಪಿನ ಎಚ್‌ಪಿ ಕೂಡ ವ್ಯಾಟ್‌ನ ನೆಂಟನೇ. ಒಂದು ಎಚ್‌ಪಿಗೆ 746 ವ್ಯಾಟ್.

ಈಗ ಒಂದು ಮಾನದಿಂದ ಇನ್ನೊಂದಕ್ಕೆ ಬದಲಿಸುವುದು. ಹುಡುಗರು ಹೆಚ್ಚು ಸೋಲುವುದು ಇಲ್ಲೇ. ಗಂಟೆಗೆ ಕಿಲೋಮೀಟರ್ ಇದ್ದದ್ದನ್ನು ಸೆಕೆಂಡಿಗೆ ಮೀಟರ್ ಮಾಡಲು "ಹದಿನೆಂಟರಲ್ಲಿ ಐದು" ಅಂತ ಬಾಯಿಪಾಠ ಮಾಡಿಸುತ್ತಾರೆ. ಪರೀಕ್ಷೆ ಗಡಿಬಿಡಿಯಲ್ಲಿ ಅದು ಐದರಲ್ಲಿ ಹದಿನೆಂಟಾಗುತ್ತದೆ. ಬಾಯಿಪಾಠವೇ ಬೇಡ. ಒಂದರಿಂದ ಗುಣಿಸಿದರೆ ಯಾವುದೂ ಬದಲಾಗುವುದಿಲ್ಲ ಅಲ್ವಾ? 1000 ಮೀಟರ್ ಮತ್ತು 1 ಕಿಲೋಮೀಟರ್ ಒಂದೇ. ಹಾಗಾದರೆ 1000 ಮೀಟರನ್ನು 1 ಕಿಲೋಮೀಟರಿನಿಂದ ಭಾಗಿಸಿದರೆ ಬರುವುದು ಒಂದು. ಆ ಒಂದರಿಂದ ಎಷ್ಟು ಸಲ ಬೇಕಾದರೂ ಗುಣಿಸಬಹುದು. ಯಾವುದನ್ನು ಮೇಲೆ ಇಡಬೇಕು, ಯಾವುದನ್ನು ಕೆಳಗೆ? ಹೋಗಬೇಕಾದ ಮಾನ ಹೊಡೆದುಹೋಗುವ ಹಾಗೆ.

72 ಕಿ.ಮೀ./ಗಂಟೆ × 1000 ಮೀ./1 ಕಿ.ಮೀ. × 1 ಗಂಟೆ/3600 ಸೆ. = 20 ಮೀ./ಸೆ.

ಕಿಲೋಮೀಟರ್ ಹೋಯಿತು, ಗಂಟೆ ಹೋಯಿತು. 20 ಮೀಟರ್ ಅಂದರೆ ಎಷ್ಟು ಅಂತ ಹೆಜ್ಜೆ ಹಾಕಿ ನೋಡಿ. 72ರ ವೇಗದಲ್ಲಿ ಒಂದು ಸೆಕೆಂಡ್ ಮೊಬೈಲ್ ಕಡೆ ಕಣ್ಣು ಹಾಯಿಸಿದರೆ ಅಷ್ಟು ದೂರ ಕಣ್ಣುಮುಚ್ಚಿ ಓಡಿಸಿದ ಹಾಗೆ.

ವಿಸ್ತೀರ್ಣಕ್ಕೆ ಬಂದಾಗ ಇನ್ನೊಂದು ಗುಂಡಿ ಇದೆ. 30×40 ಸೈಟ್ ಅಂದರೆ 1200 ಚದರ ಅಡಿ. ಒಂದು ಮೀಟರಿಗೆ 3.28 ಅಡಿ. 1200ನ್ನು 3.28ರಿಂದ ಭಾಗಿಸಿ "366 ಚದರ ಮೀಟರ್" ಅಂದವರನ್ನು ನೋಡಿದ್ದೇನೆ. ಬಿಡಿಸಿ ಬರೆದರೆ ತಪ್ಪು ತಾನಾಗಿ ಸಿಕ್ಕಿಬೀಳುತ್ತದೆ. ಚದರ ಅಡಿ ಅಂದರೆ ಅಡಿ × ಅಡಿ. ಒಂದು ಸಲ ಭಾಗಿಸಿದರೆ ಒಂದೇ ಅಡಿ ಹೋಗುತ್ತದೆ, ಇನ್ನೊಂದು ಅಡಿ ಹಾಗೇ ಉಳಿದಿರುತ್ತದೆ. ಎರಡು ಸಲ ಭಾಗಿಸಬೇಕು. 3.28 × 3.28 ಅಂದರೆ ಸುಮಾರು 10.76. ಸರಿಯಾದ ಉತ್ತರ 111.5 ಚದರ ಮೀಟರ್. ಅಂದಹಾಗೆ ಗುಂಟೆ ಅಂದರೆ 33 ಅಡಿಗೆ 33 ಅಡಿ, 1089 ಚದರ ಅಡಿ. ನಮ್ಮ 30×40 ಸೈಟು ಒಂದು ಗುಂಟೆಗಿಂತ ಸ್ವಲ್ಪ ದೊಡ್ಡದು.

ಮಾನ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ನಿಜವಾಗಿ ನಡೆದ ಒಂದು ಕಥೆ ಇದೆ. 1983ರ ಜುಲೈ 23. ಏರ್ ಕೆನಡಾದ ಹೊಚ್ಚಹೊಸ ಬೋಯಿಂಗ್ 767 ಮಾಂಟ್ರಿಯಲ್‌ನಿಂದ ಒಟ್ಟಾವಾ ಮೇಲೆ ಎಡ್ಮಂಟನ್‌ಗೆ ಹೊರಟಿತ್ತು. ಕೆನಡಾ ಆಗ ಪೌಂಡ್ ಬಿಟ್ಟು ಕಿಲೋಗ್ರಾಂಗೆ ಹೊರಳುತ್ತಿದ್ದ ಕಾಲ. ಉಳಿದ ವಿಮಾನಗಳ ಲೆಕ್ಕ ಪೌಂಡ್‌ನಲ್ಲಿ, ಈ ಹೊಸದರದ್ದು ಕಿಲೋಗ್ರಾಂನಲ್ಲಿ. ಸಾಲದ್ದಕ್ಕೆ ಇಂಧನ ತೋರಿಸುವ ಮೀಟರ್ ಕೆಟ್ಟಿತ್ತು. ಹಾಗಾಗಿ ಟ್ಯಾಂಕಿನೊಳಗಿನ ಅಳತೆಕೋಲು ನೋಡಿ ಕೈಯಲ್ಲಿ ಲೆಕ್ಕ ಹಾಕಿದರು.

ಪ್ರಯಾಣಕ್ಕೆ ಬೇಕಾಗಿದ್ದು 22,300 ಕೆ.ಜಿ. ಇಂಧನ. ಟ್ಯಾಂಕಿನಲ್ಲಿ ಇದ್ದದ್ದು 7,682 ಲೀಟರ್. ಲೀಟರನ್ನು ತೂಕಕ್ಕೆ ತರಲು ಅವರು ಬಳಸಿದ ಸಂಖ್ಯೆ 1.77. ಗುಣಿಸಿದರೆ 13,597. ಇನ್ನು ಬೇಕಾದದ್ದು 8,703. ಅದನ್ನು ಮತ್ತೆ ಲೀಟರಿಗೆ ತಂದರೆ 4,917. ಅಷ್ಟು ತುಂಬಿಸಿದರು. ಕೂಡುವುದು, ಕಳೆಯುವುದು, ಭಾಗಿಸುವುದು ಎಲ್ಲ ಸರಿ. ಒಂದು ಅಂಕಿಯೂ ತಪ್ಪಿಲ್ಲ.

ಆದರೆ 1.77 ಏನು? ಅದು ಒಂದು ಲೀಟರಿಗೆ ಎಷ್ಟು ಪೌಂಡ್ ಅನ್ನುವ ಸಂಖ್ಯೆ. ಲೀಟರಿಗೆ ಎಷ್ಟು ಕೆ.ಜಿ. ಅನ್ನುವುದು ಸುಮಾರು 0.8. ಮಾನ ಹಚ್ಚಿ ಬರೆದಿದ್ದರೆ ಮೊದಲ ಸಾಲಿನಲ್ಲೇ ಹಿಡಿಯಬಹುದಿತ್ತು. 7,682 ಲೀಟರ್ × 1.77 ಪೌಂಡ್/ಲೀಟರ್ ಮಾಡಿದರೆ ಬರುವುದು ಪೌಂಡ್. ಆ ಪೌಂಡನ್ನು 22,300 ಕೆ.ಜಿ.ಯಿಂದ ಕಳೆಯಲು ಹೊರಟಾಗ ಪೆನ್ನು ನಿಲ್ಲಬೇಕಿತ್ತು. ಸರಿಯಾಗಿ ಮಾಡಿದ್ದರೆ 20,000 ಲೀಟರಿಗಿಂತ ಜಾಸ್ತಿ ತುಂಬಿಸಬೇಕಿತ್ತು. ಒಟ್ಟಾವಾದಲ್ಲಿ ಇಳಿದಾಗ ಮತ್ತೊಮ್ಮೆ ಅಳೆದರು, ಮತ್ತೆ ಅದೇ 1.77. ಎರಡು ಸಲ ತಾಳೆ ನೋಡಿದ ಸಮಾಧಾನ ಬೇರೆ.

41,000 ಅಡಿ ಎತ್ತರದಲ್ಲಿ ಇಂಧನ ಮುಗಿಯಿತು. ಎರಡೂ ಎಂಜಿನ್ ನಿಂತವು. ಕ್ಯಾಪ್ಟನ್ ರಾಬರ್ಟ್ ಪಿಯರ್ಸನ್‌ಗೆ ಎಂಜಿನ್ ಇಲ್ಲದ ಗ್ಲೈಡರ್ ಹಾರಿಸಿ ಅಭ್ಯಾಸವಿತ್ತು, ಅದು ಎಲ್ಲರ ಪುಣ್ಯ. ಅಷ್ಟು ದೊಡ್ಡ ಜೆಟ್ಟನ್ನು ತೇಲಿಸಿಕೊಂಡು ಬಂದು ಗಿಮ್ಲಿ ಎಂಬ ಊರಿನ ಹಳೆಯ ವಾಯುಪಡೆ ರನ್‌ವೇ ಮೇಲೆ ಇಳಿಸಿದರು. ಆ ರನ್‌ವೇ ಅಷ್ಟೊತ್ತಿಗೆ ಕಾರ್ ರೇಸಿನ ಮೈದಾನವಾಗಿತ್ತು. ವಿಮಾನದಲ್ಲಿದ್ದ 69 ಜನರೂ ಬದುಕಿದರು. ಸಹ ಪೈಲಟ್ ಹೆಸರು ಮೋರಿಸ್ ಕ್ವಿಂಟಲ್. ನೂರು ಕೆ.ಜಿ.ಗೆ ಹೇಳುವ ನಮ್ಮ ಕ್ವಿಂಟಲ್‌ನ ಸ್ಪೆಲ್ಲಿಂಗೇ! ಕಥೆ ಕಟ್ಟುವವರು ಹೀಗೆ ಬರೆದಿದ್ದರೆ ಯಾರೂ ನಂಬುತ್ತಿರಲಿಲ್ಲ.

ಗುಣಿಸಿದರೆ ಸಾಲದ ಒಂದು ಅಳತೆಯೂ ಇದೆ. ತಾಪದ್ದು. ಸೆಲ್ಸಿಯಸ್ಸಿನ ಸೊನ್ನೆ ಮತ್ತು ಫ್ಯಾರನ್‌ಹೀಟ್‌ನ ಸೊನ್ನೆ ಒಂದೇ ಜಾಗದಲ್ಲಿಲ್ಲ. ಅದಕ್ಕೇ 1.8ರಿಂದ ಗುಣಿಸಿ ಮೇಲೆ 32 ಕೂಡಬೇಕು. 37 ಡಿಗ್ರಿ ಸೆಲ್ಸಿಯಸ್ ಹಾಗೆ 98.6 ಆಗುತ್ತದೆ. ಆದರೆ "ಜ್ವರ ಒಂದು ಡಿಗ್ರಿ ಸೆಲ್ಸಿಯಸ್ ಏರಿತು" ಅಂದರೆ 32 ಕೂಡಬಾರದು. ಏರಿದ್ದು 1.8 ಡಿಗ್ರಿ ಫ್ಯಾರನ್‌ಹೀಟ್ ಮಾತ್ರ. ಏರಿಕೆಗೆ ಸೊನ್ನೆ ಎಲ್ಲಿದೆ ಅನ್ನುವ ಚಿಂತೆ ಇಲ್ಲ.

ಊರಿನಿಂದ ಹೊರಡುವ ಹಿಂದಿನ ರಾತ್ರಿ ಒಳ್ಳೆ ಹದ ಮಳೆ ಬಂತು. ಬೆಳಿಗ್ಗೆ ಅಕ್ಕನ ಮಗ ಮೊಬೈಲ್ ನೋಡಿ "25 ಮಿಲಿಮೀಟರ್ ಅಂತೆ" ಅಂದ. ಅಪ್ಪನಿಗೆ ಅದು ಅರ್ಥವಾಗಲಿಲ್ಲ. ಮಳೆ ನೀರು ತಾನೇ, ಲೀಟರಿನಲ್ಲಿ ಹೇಳಬೇಕು, ಮಿಲಿಮೀಟರ್ ಏನು? ಒಳ್ಳೆ ಪ್ರಶ್ನೆ. ನೀರು ಹರಿದುಹೋಗದೆ, ಇಂಗದೆ ನಿಂತಿದ್ದರೆ ಎಷ್ಟು ಎತ್ತರ ನಿಲ್ಲುತ್ತಿತ್ತು ಅನ್ನುವುದು ಆ ಮಿಲಿಮೀಟರ್. ಎತ್ತರವನ್ನು ನೆಲದ ವಿಸ್ತೀರ್ಣದಿಂದ ಗುಣಿಸಿದರೆ ಗಾತ್ರ ಸಿಗುತ್ತದೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ನಿಂತರೆ ಸರಿಯಾಗಿ ಒಂದು ಲೀಟರ್.

"ಹಾಗಾದ್ರೆ ನಮ್ಮ ಎರಡೂ ಹೊಲಕ್ಕೆ ರಾತ್ರಿ ಎಷ್ಟು ಲೀಟರ್ ಬಿತ್ತು?" ಅಂದರು ಅಪ್ಪ.

ಎಕರೆಗೆ 4,047 ಚದರ ಮೀಟರ್ ಅಂತ ಹೇಳಿಕೊಟ್ಟೆ. ಹುಡುಗ ಈ ಸಲ ಮೊಬೈಲ್ ಮುಟ್ಟಲಿಲ್ಲ. ಕ್ಯಾಲೆಂಡರಿನ ಹಳೇ ಹಾಳೆ ತಿರುಗಿಸಿ ಮೊದಲು 4 ಎಕರೆ 15 ಗುಂಟೆ ಅಂತ ಬರೆದ. 15 ಗುಂಟೆಯನ್ನು ಎಕರೆಗೆ 40 ಗುಂಟೆಯಿಂದ ಭಾಗಿಸಿ ಗುಂಟೆ ಹೊಡೆದುಹಾಕಿದ. ಕೆಳಗೆ 4.375 ಎಕರೆ. ಅದರ ಮುಂದೆ 4,047, ಅದರ ಮುಂದೆ 25. ಪಕ್ಕದಲ್ಲಿ ಒಂದೊಂದರ ಮಾನವನ್ನೂ ಬರೆದುಕೊಂಡು, ಹೋಗುವುದನ್ನೆಲ್ಲ ಅಡ್ಡಗೆರೆ ಎಳೆದು ತೆಗೆದ.

"ನಾಲ್ಕು ಲಕ್ಷ ನಲವತ್ತೆರಡು ಸಾವಿರ ಲೀಟರ್ ಚಿಲ್ಲರೆ ತಾತ."

ಅಪ್ಪ ಹೊಲದ ಕಡೆ ನೋಡಿ, "ಟ್ಯಾಂಕರ್‌ನೋನು ಒಂದು ಲೋಡಿಗೆ ಎಷ್ಟು ತಗೋತಾನೆ ಈಗ?" ಅಂದರು.